ಯಂತ್ರ ಯಾವಾಗ ಬಂದೀತು?

ಹಣ ಕೊಟ್ಟು ವಸ್ತುವನ್ನು ಕೊಳ್ಳುವುದು ವ್ಯಾಪಾರದ ಹಳೆಯ ರೀತಿ. ಹಣವನ್ನು ಇಂದೇ ಕೊಟ್ಟು, ವಸ್ತುವನ್ನು ಮುಂದೆ ಎಂದೋ ಒಂದು ದಿನ ಪಡೆಯುವುದು ಈ ಕಾಲದಲ್ಲಿ ಬೆಳೆದುಬಂದಿರುವ ರೀತಿ. ಇದರ ವಿಶೇಷವೇನೆಂದರೆ, ಕೊಳ್ಳುವವನು ಹಣ ತೆರುವ ಹೊತ್ತಿಗೆ ಆ ವಸ್ತುವು ಅಂಗಡಿಯಲ್ಲಿಯೂ ಇರುವುದಿಲ್ಲ, ಕಾರ್ಖಾನೆಯಲ್ಲಿಯೂ ಇರುವುದಿಲ್ಲ. ಅನೇಕ ವೇಳೆ ಅದು ಒಬ್ಬಿಬ್ಬರು ಎಂಜಿನಿಯರುಗಳ ಮೇಜಿನ ಮೇಲೆ ಒಂದು ಮಾದರಿಯ ರೂಪದಲ್ಲಿ ಮಾತ್ರ ಇರುತ್ತದೆ. ಹೀಗಿರುವಾಗ ಮಾರುವವನು ಹೇಳುವ ದಿನಾಂಕಕ್ಕೆ ಬೆಲೆ ಎಷ್ಟು? ಆ ದಿನ ಕಳೆದರೆ ಕಾಯುವವನ ಹಕ್ಕೇನು? ಇವು ಬರಿಯ ವ್ಯಾಪಾರದ ಪ್ರಶ್ನೆಗಳೆಂದು ತಳ್ಳಿಹಾಕುವಂತಿಲ್ಲ. ಅಳತೆ, ಅಂದಾಜು, ಸಂಭವನೀಯತೆ ಎಂಬ ವಿಜ್ಞಾನದ ಮೂಲ ಭಾವನೆಗಳೇ ಇವುಗಳ ಹಿಂದೆ ಅಡಗಿವೆ. ಆದುದರಿಂದ ವಿಜ್ಞಾನದ ವಿದ್ಯಾರ್ಥಿಗಳು ಈ ವಿಷಯವನ್ನು ಕುರಿತು ಆಲೋಚಿಸುವುದು ಯುಕ್ತವೆಂದು ನಾನು ಭಾವಿಸುತ್ತೇನೆ.

ಒಂದು ನಿಜವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಮೆರಿಕದ ಸಿಯಾಟಲ್ ನಗರದಲ್ಲಿ ಡ್ಯಾನ್ ಶಪೀರೋ ಮತ್ತು ಅವರ ಸಂಗಡಿಗರು ಕಟ್ಟಿದ ಗ್ಲೋಫೋರ್ಜ್ ಎಂಬ ಸಂಸ್ಥೆಯು 2015ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮನೆಯ ಮೇಜಿನ ಮೇಲೆ ಇಟ್ಟುಕೊಳ್ಳಬಹುದಾದ ಲೇಸರ್ ಕತ್ತರಿಸುವ ಯಂತ್ರಕ್ಕೆ ಮುಂಗಡ ಬೇಡಿಕೆಗಳನ್ನು ಸ್ವೀಕರಿಸತೊಡಗಿತು. ಮೊದಲ ದಿನಗಳಲ್ಲಿ ಬೇಡಿಕೆ ಸಲ್ಲಿಸಿದವರಿಗೆ ಬೆಲೆ 1,995 ಡಾಲರು. ಆಗಿನ ವಿನಿಮಯದ ದರದಲ್ಲಿ ಸುಮಾರು 1 ಲಕ್ಷ 30 ಸಾವಿರ ರೂಪಾಯಿ. ಮೂವತ್ತೇ ದಿನಗಳಲ್ಲಿ ಸಂಗ್ರಹವಾದ ಬೇಡಿಕೆಯ ಮೊತ್ತ 2 ಕೋಟಿ 79 ಲಕ್ಷ ಡಾಲರುಗಳು. ಮೂವತ್ತು ದಿನಗಳ ಅವಧಿಯಲ್ಲಿ ಇಷ್ಟು ಹಣ ಜನರಿಂದ ನೇರವಾಗಿ ಕೂಡಿಬಂದುದು ಆಗ ಒಂದು ದಾಖಲೆಯೇ ಆಯಿತು. ಯಂತ್ರಗಳು 2016ರ ಮೊದಲರ್ಧದೊಳಗೆ ಕೈಸೇರುವುವೆಂದು ಜನ ನಂಬಿದ್ದರು. ಆ ವಾಯಿದೆ 2016ರ ಡಿಸೆಂಬರಿಗೆ ಹೋಯಿತು. ಡಿಸೆಂಬರು 2017ಕ್ಕೆ ಹೋಯಿತು. ಬೇಡಿಕೆಗಳ ಸಾಲು ಕರಗಿ, ಯಾರು ಬೇಕಾದರೂ ಕಾಯದೆ ಕೊಳ್ಳಬಹುದಾದ ಸ್ಥಿತಿ ಬಂದುದು 2018ರಲ್ಲಿ. ಕಾಯಲಾರದವರಿಗೆ ಹಣ ಹಿಂದಿರುಗಿಸುವ ಏರ್ಪಾಡನ್ನು ಸಂಸ್ಥೆಯು ಮಾಡಿತ್ತು; ಕೊನೆಗೆ ಯಂತ್ರಗಳನ್ನು ತಲಪಿಸಿತು ಕೂಡ. ಆದುದರಿಂದ ಇದು ವಂಚನೆಯ ಕಥೆಯಲ್ಲ. ವಂಚನೆಯಲ್ಲದಿರುವುದರಿಂದಲೇ ಇದರಿಂದ ಕಲಿಯಬೇಕಾದುದು ಹೆಚ್ಚಾಗಿದೆ.

ಈ ಯಂತ್ರದ ಒಳಗೇನಿದೆ ಎಂಬುದನ್ನು ತಿಳಿಯದೆ ವಿಳಂಬದ ಕಾರಣವನ್ನು ತಿಳಿಯಲಾಗದು. ಲೇಸರಿನ ತತ್ತ್ವಕ್ಕೆ ಐನ್‌ಸ್ಟೈನರು 1917ರಷ್ಟು ಹಿಂದೆಯೇ ತಳಹದಿ ಹಾಕಿದ್ದರು. 1960ರ ಮೇ ತಿಂಗಳಲ್ಲಿ ಥಿಯೊಡೋರ್ ಮೇಮನ್ ಎಂಬ ವಿಜ್ಞಾನಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದನು. ನಾಲ್ಕು ವರ್ಷಗಳ ತರುವಾಯ, 1964ರಲ್ಲಿ, ಬೆಲ್ ಪ್ರಯೋಗಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ಕಂಡುಹಿಡಿದವರು ಕುಮಾರ್ ಪಟೇಲ್. ಇವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರೆಂಬುದು ನಮಗೆ ಹೆಮ್ಮೆಯ ಸಂಗತಿ. ಮನೆಯ ಮೇಜಿನ ಮೇಲೆ ಕೂರುವ ಈ ಯಂತ್ರದ ಹೃದಯವೂ ಅದೇ ಅನಿಲದ ಲೇಸರು.

ಒಂದು ಗಾಜಿನ ನಳಿಗೆಯಲ್ಲಿ ಇಂಗಾಲದ ಡೈಆಕ್ಸೈಡ್, ಸಾರಜನಕ ಮತ್ತು ಹೀಲಿಯಂ ಅನಿಲಗಳ ಮಿಶ್ರಣವಿರುತ್ತದೆ. ಹಲವು ಸಾವಿರ ವೋಲ್ಟುಗಳ ವಿದ್ಯುತ್ತು ಅದರ ಮೂಲಕ ಹರಿದಾಗ ಸಾರಜನಕದ ಅಣುಗಳು ಕೆರಳಿ, ತಮ್ಮ ಶಕ್ತಿಯನ್ನು ಇಂಗಾಲದ ಡೈಆಕ್ಸೈಡಿನ ಅಣುಗಳಿಗೆ ದಾಟಿಸುತ್ತವೆ. ಆ ಅಣುಗಳು ಕೆಳಗಿನ ಶಕ್ತಿಮಟ್ಟಕ್ಕೆ ಇಳಿಯುವಾಗ 10.6 ಮೈಕ್ರೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೊರಸೂಸುತ್ತವೆ. ಹೀಲಿಯಂ ಶಾಖವನ್ನು ಒಯ್ದು, ಈ ಅಣುಗಳು ಮತ್ತೊಮ್ಮೆ ಕೆರಳಲು ಅಣಿಯಾಗುವಂತೆ ಮಾಡುತ್ತದೆ. ಮರ, ಚರ್ಮ, ಕಾಗದ, ಅಕ್ರಿಲಿಕ್ ಮೊದಲಾದ ವಸ್ತುಗಳು ಈ ಕಿರಣವನ್ನು ಚೆನ್ನಾಗಿ ಹೀರುತ್ತವೆ; ಲೋಹಗಳು ಬಹುಮಟ್ಟಿಗೆ ಹಿಂದಕ್ಕೆ ಎಸೆಯುತ್ತವೆ. ಸಾಮಾನ್ಯ ಗಾಜಿನ ಮೂಲಕ ಇದು ಹಾಯುವುದೇ ಇಲ್ಲವಾದುದರಿಂದ ಮಸೂರವನ್ನು ಸತುವಿನ ಸೆಲೆನೈಡಿನಿಂದ ಮಾಡಬೇಕಾಗುತ್ತದೆ.

ಮೇಲೆ ಹೇಳಿದ ಯಂತ್ರದ ಲೇಸರಿನ ಸಾಮರ್ಥ್ಯ ಸುಮಾರು 40 ವಾಟುಗಳು. ಅದು ಒಂದು ಹಳೆಯ ಸಣ್ಣ ವಿದ್ಯುದ್ದೀಪವು ಬಳಸುತ್ತಿದ್ದ ಶಕ್ತಿಯಷ್ಟೇ ಅಲ್ಲವೆ ಎಂದು ಕೇಳಬಹುದು. ಆದರೆ ಆ ಶಕ್ತಿಯೆಲ್ಲವೂ 0.2 ಮಿಲಿಮೀಟರ್ ವ್ಯಾಸದ ಒಂದು ಚುಕ್ಕೆಯಲ್ಲಿ ಸೇರಿದರೆ ಏನಾಗುವುದೆಂದು ಲೆಕ್ಕ ಹಾಕಿ ನೋಡಿ. ಚದರ ಸೆಂಟಿಮೀಟರಿಗೆ 1 ಲಕ್ಷ 27 ಸಾವಿರ ವಾಟುಗಳಾಗುತ್ತವೆ! ನಡುಹಗಲಿನ ಬಿಸಿಲು ಅಷ್ಟೇ ಜಾಗಕ್ಕೆ ಕೊಡುವುದು ಒಂದು ವಾಟಿನ ಹತ್ತನೆಯ ಒಂದು ಭಾಗ ಮಾತ್ರ. ಹತ್ತು ಲಕ್ಷ ಸೂರ್ಯರಿಗಿಂತ ಮಿಗಿಲಾದ ಈ ತೀಕ್ಷ್ಣತೆಯನ್ನು ಮಕ್ಕಳಿರುವ ಮನೆಯೊಳಗೆ ತಂದಿಡುವಾಗ ಬಿಸಿಯಾಗುವ ನಳಿಗೆಗೆ ತಂಪು ಬೇಕು, ಹೊಗೆಗೆ ದಾರಿ ಬೇಕು, ಮುಚ್ಚಳ ತೆರೆದೊಡನೆ ಕಿರಣ ನಿಲ್ಲುವ ಏರ್ಪಾಡು ಬೇಕು. ಬಳಸುವವನಿಗೂ ತಿಳಿವಳಿಕೆ ಬೇಕು, ಪಿ.ವಿ.ಸಿ. ಪ್ಲಾಸ್ಟಿಕ್ಕನ್ನು ಕತ್ತರಿಸಹೊರಟರೆ ಹೈಡ್ರೊಜನ್ ಕ್ಲೋರೈಡ್ ಎಂಬ ವಿಷಾನಿಲವೆದ್ದು ಮನುಷ್ಯನ ಶ್ವಾಸಕೋಶಕ್ಕೂ ಯಂತ್ರದ ಲೋಹಭಾಗಗಳಿಗೂ ಕೇಡಾಗುವುದು.

ಇಂಥ ಒಂದು ಯಂತ್ರವನ್ನು ಜಾಣ ಎಂಜಿನಿಯರನೊಬ್ಬನು ಕೆಲವು ತಿಂಗಳುಗಳಲ್ಲಿ ಮಾಡಿಬಿಡಬಹುದು. ಇಂಥ ಸಾವಿರಾರು ಯಂತ್ರಗಳನ್ನು ಮಾಡುವುದು ಬೇರೆಯೇ ಕೆಲಸ. ಒಂದನ್ನು ಮಾಡುವಾಗ ತಪ್ಪಿದ್ದನ್ನು ಕೈಯಿಂದ ತಿದ್ದಬಹುದು. ಸಾವಿರವನ್ನು ಮಾಡುವಾಗ ಪ್ರತಿಯೊಂದೂ ತಾನಾಗಿಯೇ ಸರಿಯಿರಬೇಕು. ಕಿರಣವನ್ನು ತಿರುಗಿಸುವ ಕನ್ನಡಿಯನ್ನು ನೋಡಿ. ಅದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ವಾಲಿದರೆ ಪ್ರತಿಫಲಿಸಿದ ಕಿರಣವು ಅದರ ಎರಡರಷ್ಟು ವಾಲುತ್ತದೆ. ಅರ್ಧ ಮೀಟರು ದೂರ ಸಾಗುವಷ್ಟರಲ್ಲಿ ಸುಮಾರು 1.7 ಮಿಲಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಕತ್ತರಿಸಬೇಕಾದ ಗೆರೆಯ ಅಗಲಕ್ಕಿಂತ ಇದು ಎಂಟು ಪಟ್ಟು ಹೆಚ್ಚು. ಪ್ರಯೋಗಶಾಲೆಯಲ್ಲಿ ಒಂದು ತಿರುಪನ್ನು ತಿರುವಿ ಇದನ್ನು ಸರಿಪಡಿಸಬಹುದು. ಆದರೆ ಪೆಟ್ಟಿಗೆಯೊಳಗೆ ಕುಳಿತು, ಲಾರಿಯಲ್ಲಿ ಕುಲುಕಾಡಿ, ಸಾವಿರ ಮೈಲಿ ದಾಟಿ ಮನೆಯೊಂದನ್ನು ಸೇರಿದ ಯಂತ್ರದಲ್ಲಿ ತಿರುಪನ್ನು ತಿರುವುವವರಾರು?

ಬಿಡಿಭಾಗಗಳ ಕಥೆ ಇನ್ನೊಂದು. ಒಂದು ಯಂತ್ರಕ್ಕೆ ನೂರು ಬಗೆಯ ಭಾಗಗಳು ಬೇಕೆಂದೂ, ಪ್ರತಿಯೊಂದೂ ಸಕಾಲಕ್ಕೆ ಬರುವ ಸಂಭವನೀಯತೆ ನೂರಕ್ಕೆ 99 ಎಂದೂ ಇಟ್ಟುಕೊಳ್ಳಿ. ನೂರಕ್ಕೆ 99 ಎಂದರೆ ಬಹು ಒಳ್ಳೆಯ ವ್ಯವಸ್ಥೆಯೆಂದೇ ಯಾರಿಗಾದರೂ ತೋರುವುದು. ಆದರೆ ಎಲ್ಲ ನೂರು ಭಾಗಗಳೂ ಸಕಾಲಕ್ಕೆ ಬರುವ ಸಂಭವನೀಯತೆ 0.99ನ್ನು ನೂರು ಸಲ ಗುಣಿಸಿದರೆ ಬರುವ ಸಂಖ್ಯೆ. ಅದು ಸುಮಾರು 0.37. ಎಂದರೆ ಮೂರು ಸಲದಲ್ಲಿ ಎರಡು ಸಲ ಯಾವುದೋ ಒಂದು ಭಾಗ ತಡವಾಗಿಯೇ ತೀರುತ್ತದೆ. ಒಂದು ಭಾಗ ತಡವಾದರೆ ಸಾಕು, ಯಂತ್ರವೇ ತಡ. ಯಾರೊಬ್ಬರ ಸೋಮಾರಿತನವೂ ಇಲ್ಲದೆ, ಯಾರೊಬ್ಬರ ದುರುದ್ದೇಶವೂ ಇಲ್ಲದೆ, ಬರಿಯ ಗುಣಾಕಾರದಿಂದಲೇ ವಿಳಂಬವು ಹುಟ್ಟಬಲ್ಲುದು.

ಇದು ಹೊಸ ಅನುಭವವೂ ಅಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕ ಮಾಡುವ ಯಂತ್ರಕ್ಕೆ 1823ರಲ್ಲಿ ಸರಕಾರದಿಂದ ಹಣ ಪಡೆದನು. 1842ರ ಹೊತ್ತಿಗೆ ಸರಕಾರವು 17,000 ಪೌಂಡುಗಳಿಗೂ ಹೆಚ್ಚು ವೆಚ್ಚ ಮಾಡಿ ಬೇಸತ್ತು ಕೈಬಿಟ್ಟಿತು, ಯಂತ್ರ ಪೂರ್ಣವಾಗಲಿಲ್ಲ. ಆದರೆ ಆತನೇ ಅನಂತರ ರಚಿಸಿದ್ದ ಇನ್ನೊಂದು ನಕ್ಷೆಯನ್ನು ಅನುಸರಿಸಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1991ರಲ್ಲಿ ಯಂತ್ರವನ್ನು ಕಟ್ಟಿದಾಗ ಅದು ಸರಿಯಾಗಿ ಲೆಕ್ಕ ಮಾಡಿತು! ಸಿಡ್ನಿ ನಗರದ ಪ್ರಸಿದ್ಧ ಸಂಗೀತ ಮಂದಿರವು 1963ರಲ್ಲಿ 70 ಲಕ್ಷ ಡಾಲರುಗಳಲ್ಲಿ ಮುಗಿಯಬೇಕಾಗಿತ್ತು. ಮುಗಿದುದು 1973ರಲ್ಲಿ, 10 ಕೋಟಿ 20 ಲಕ್ಷ ಡಾಲರುಗಳಲ್ಲಿ. ಭಾವನೆ ಸರಿಯಾಗಿರುವುದು ಬೇರೆ, ಅದನ್ನು ಹೇಳಿದ ದಿನಕ್ಕೆ ಹೇಳಿದ ಹಣದಲ್ಲಿ ಕಟ್ಟುವುದು ಬೇರೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಹಾಗಾದರೆ ಬುದ್ಧಿವಂತರೂ ಮತ್ತೆ ಮತ್ತೆ ಹೀಗೆ ಎಡವುವುದೇಕೆ? ಡೇನಿಯಲ್ ಕಾಹ್ನಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಅದನ್ನು ಯೋಜನಾಭ್ರಮೆ ಎಂದು ಕರೆಯಬಹುದು. ಕೆನಡಾದ ಮೂವರು ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಂತೂ ವಿದ್ಯಾರ್ಥಿಗಳಿಗೆ ಬಹಳ ಹತ್ತಿರದ್ದು. ಪದವಿಯ ಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ನಿಮ್ಮ ಕೆಲಸ ಎಷ್ಟು ದಿನಗಳಲ್ಲಿ ಮುಗಿದೀತೆಂದು ಕೇಳಲಾಯಿತು. ಅವರ ಅಂದಾಜಿನ ಸರಾಸರಿ 33.9 ದಿನಗಳು. ಎಲ್ಲವೂ ಕೆಟ್ಟುಹೋದರೆ ಎಷ್ಟು ದಿನವಾದೀತೆಂದು ಕೇಳಿದಾಗ ಬಂದ ಉತ್ತರದ ಸರಾಸರಿ 48.6 ದಿನಗಳು. ನಿಜವಾಗಿ ಆದುದು 55.5 ದಿನಗಳು! ನಾವು ಊಹಿಸಿಕೊಳ್ಳುವ ಅತ್ಯಂತ ಕೆಟ್ಟ ಸ್ಥಿತಿಗಿಂತಲೂ ವಾಸ್ತವವು ಕೆಟ್ಟದಾಗಿರುವುದುಂಟು. ನಾವು ಕೆಲಸವನ್ನು ಒಳಗಿನಿಂದ ನೋಡುತ್ತೇವೆ. ಮಾಡಬೇಕಾದ ಹೆಜ್ಜೆಗಳನ್ನು ಮಾತ್ರ ಎಣಿಸುತ್ತೇವೆ. ಅಡ್ಡಬರುವ ಜ್ವರವನ್ನೂ ನೆಂಟರನ್ನೂ ಎಣಿಸುವುದಿಲ್ಲ.

ಮುಂಗಡ ಹಣದ ಯೋಜನೆಗಳಿಗೂ ಇದೇ ಗತಿ. ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ವ್ಯವಸ್ಥೆ 2009ರಲ್ಲಿ ಆರಂಭವಾಯಿತು. ಅದರ ಯೋಜನೆಗಳನ್ನು ಅಧ್ಯಯನ ಮಾಡಿದ ಈಥನ್ ಮಾಲಿಕ್ ಎಂಬ ಪ್ರಾಧ್ಯಾಪಕರು, ನೂರಕ್ಕೆ 75ಕ್ಕಿಂತ ಹೆಚ್ಚು ಯೋಜನೆಗಳು ಹೇಳಿದ ದಿನಕ್ಕೆ ವಸ್ತುವನ್ನು ಕೊಡಲಾರದೆ ಹೋದುವೆಂದು 2014ರಲ್ಲಿ ತಿಳಿಸಿದರು. ಏನನ್ನೂ ಕೊಡದೆಯೇ ಹೋದವು ನೂರಕ್ಕೆ ಸುಮಾರು 9 ಎಂಬುದು 2015ರಲ್ಲಿ ಅವರು ಕಂಡ ಫಲಿತಾಂಶ. ಈ ಎರಡು ಸಂಖ್ಯೆಗಳನ್ನು ಜೊತೆಗಿಟ್ಟು ನೋಡಬೇಕು. ಹೆಚ್ಚಿನವರು ಮೋಸಗಾರರಲ್ಲ, ಹೆಚ್ಚಿನವರ ದಿನಾಂಕಗಳು ಮಾತ್ರ ಸುಳ್ಳು.

ಇಲ್ಲಿಗೆ ನನ್ನ ಅಭಿಪ್ರಾಯದ ತಿರುಳಿಗೆ ಬಂದಂತಾಯಿತು. ದಿನಾಂಕವೂ ಒಂದು ಅಳತೆಯೇ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಗುರುತ್ವ ವೇಗೋತ್ಕರ್ಷವು 9.8 ಎಂದು ಬರೆದರೆ, ದೋಷದ ಮಿತಿ ಎಷ್ಟೆಂದು ಅಧ್ಯಾಪಕರು ಕೇಳುತ್ತಾರೆ. ಮಿತಿಯನ್ನು ಹೇಳದ ಅಳತೆಯನ್ನು ವಿಜ್ಞಾನವು ಅರ್ಧ ಅಳತೆಯೆಂದು ಎಣಿಸುತ್ತದೆ. ಅದೇ ವಿದ್ಯಾರ್ಥಿ ಬೆಳೆದು ಎಂಜಿನಿಯರನಾಗಿ, ಇನ್ನೂ ಪೂರ್ಣವಾಗದ ಯಂತ್ರವನ್ನು ತೋರಿಸಿ, ಡಿಸೆಂಬರಿನಲ್ಲಿ ನಿಮ್ಮ ಮನೆಗೆ ಬರುತ್ತದೆ ಎಂದು ಹೇಳುವಾಗ ದೋಷದ ಮಿತಿಯನ್ನು ಏಕೆ ಹೇಳಬಾರದು? ಡಿಸೆಂಬರಿನಲ್ಲಿ ಬರುವ ಸಾಧ್ಯತೆ ಇಷ್ಟು, ಮುಂದಿನ ಡಿಸೆಂಬರಿನವರೆಗೆ ಹೋಗುವ ಸಾಧ್ಯತೆ ಇಷ್ಟು ಎಂದರೆ ಆಗದೆ? ಮಳೆಯ ಮುನ್ಸೂಚನೆಯನ್ನು ನಾವು ಹಾಗೆಯೇ ಕೇಳುತ್ತೇವೆ. ಕೇಳಿ ಕೊಡೆಯನ್ನು ಹಿಡಿದೋ ಬಿಟ್ಟೋ ಹೊರಡುತ್ತೇವೆ. ವಿಳಂಬವು ಅಪರಾಧವಲ್ಲ. ತನಗೆ ಗೊತ್ತಿಲ್ಲದುದನ್ನು ಗೊತ್ತಿರುವಂತೆ ಹೇಳುವುದು ಅಪರಾಧ.

ಹೀಗೆ ಹೇಳಿದರೆ ಹಣ ಕೊಡುವವರಾರು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತೂಕವಿಲ್ಲದೆ ಇಲ್ಲ. ಹೊಸದನ್ನು ಕಂಡುಹಿಡಿದವನಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಮುಂಗಡ ಹಣವಿಲ್ಲದಿದ್ದರೆ ಎಷ್ಟೋ ಒಳ್ಳೆಯ ಯಂತ್ರಗಳು ಮೇಜಿನ ಮೇಲಿನ ಮಾದರಿಗಳಾಗಿಯೇ ಧೂಳು ಹಿಡಿಯುತ್ತಿದ್ದುವು. ಆದರೆ ಹಣ ಕೊಟ್ಟವನು ಇಲ್ಲಿ ಯಾವ ಪಾತ್ರವನ್ನು ವಹಿಸುತ್ತಿದ್ದಾನೆಂಬುದನ್ನು ನೋಡಬೇಕು. ಅವನು ಗಿರಾಕಿಯಲ್ಲ, ಏಕೆಂದರೆ ಕೊಳ್ಳಲು ವಸ್ತುವಿಲ್ಲ. ಪಾಲುದಾರನೂ ಅಲ್ಲ, ಏಕೆಂದರೆ ಲಾಭದಲ್ಲಿ ಪಾಲಿಲ್ಲ. ಸಾಲ ಕೊಟ್ಟವನಂತೂ ಅಲ್ಲ, ಏಕೆಂದರೆ ಬಡ್ಡಿಯಿಲ್ಲ. ಮೂವರ ಹೊರೆಯನ್ನೂ ಹೊತ್ತು ಮೂವರ ಹಕ್ಕನ್ನೂ ಬಿಟ್ಟುಕೊಟ್ಟವನು ಅವನು. ಅಂಥವನಿಗೆ ಸಲ್ಲಬೇಕಾದ ಕನಿಷ್ಠ ಬಡ್ಡಿ ಎಂದರೆ ಸತ್ಯ.

ಹಣ ಕಟ್ಟಿ ಕಾಯುವುದು ನಮ್ಮ ದೇಶದ ಹಿರಿಯರಿಗೂ ಹೊಸದಲ್ಲ. 1960 ಮತ್ತು 1970ರ ದಶಕಗಳಲ್ಲಿ ಸ್ಕೂಟರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವುಂಟು. ಸ್ಕೂಟರನ್ನು ಮಾಡುವುದು ಹೇಗೆಂದು ಕಾರ್ಖಾನೆಗೆ ಗೊತ್ತಿತ್ತು. ಎಷ್ಟು ಮಾಡಬಹುದೆಂಬುದಕ್ಕೆ ಪರವಾನಗಿಯ ಮಿತಿಯಿತ್ತು. ಸರದಿ ನಿಧಾನವಾಗಿಯಾದರೂ ಸಾಗುತ್ತಿತ್ತು. ಇಲ್ಲಿಯಾದರೋ ಸರದಿಯ ಮುಂದಿನ ತುದಿಯಲ್ಲಿ ವಸ್ತುವೇ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಮೊದಲನೆಯದು ಕೊರತೆಯಿಂದ ಬಂದ ಕಾಯುವಿಕೆ. ಎರಡನೆಯದು ಅಜ್ಞಾನದಿಂದ ಬಂದದ್ದು. ಅಜ್ಞಾನವೆಂಬುದು ಬೈಗುಳವಲ್ಲ. ಹೊಸದನ್ನು ಮಾಡಹೊರಟ ಪ್ರತಿಯೊಬ್ಬನೂ ಅಜ್ಞಾನದಲ್ಲಿಯೇ ಹೊರಡುತ್ತಾನೆ. ಅದನ್ನು ಒಪ್ಪಿಕೊಂಡು ಹೊರಡಬೇಕೆಂಬುದಷ್ಟೇ ಮಾತು.

ಕಾಯುವವರ ಕಡೆಯಿಂದಲೂ ಒಂದು ನ್ಯಾಯವನ್ನು ಹೇಳಬೇಕು. ಸಾವಿರಾರು ವೋಲ್ಟುಗಳ ವಿದ್ಯುತ್ತನ್ನೂ ಮರವನ್ನು ಸುಡುವ ಕಿರಣವನ್ನೂ ಒಳಗೊಂಡ ಯಂತ್ರವನ್ನು ಪರೀಕ್ಷೆ ಮುಗಿಯುವ ಮುನ್ನ ಕಳಿಸೆಂದು ಒತ್ತಾಯಿಸುವುದು ವಿವೇಕವಲ್ಲ. ವಾಯಿದೆಯನ್ನು ಉಳಿಸಿಕೊಳ್ಳಲು ಕೆಟ್ಟ ಯಂತ್ರವನ್ನು ಕಳಿಸುವವನಿಗಿಂತ, ವಾಯಿದೆಯನ್ನು ಮುರಿದು ಒಳ್ಳೆಯ ಯಂತ್ರವನ್ನು ಕಳಿಸುವವನು ಮೇಲು. ಆದರೆ ಆ ಯಂತ್ರವನ್ನು ನಂಬಿ ಸಣ್ಣ ಉದ್ಯೋಗವನ್ನು ಹೂಡಲೆಂದು ಉಳಿತಾಯದ ಹಣವನ್ನೆಲ್ಲ ಕೊಟ್ಟ ಯುವಕನೊಬ್ಬನಿದ್ದರೆ, ಅವನು ಕಳೆದುಕೊಂಡ ಒಂದೂವರೆ ವರ್ಷವನ್ನು ಯಾರೂ ಹಿಂದಿರುಗಿಸಲಾರರು. ಅವನಿಗೆ ಮೊದಲೇ ನಿಜ ತಿಳಿದಿದ್ದರೆ ಬೇರೆ ದಾರಿಯನ್ನು ಹಿಡಿಯುತ್ತಿದ್ದನೇನೋ. ದಿನಾಂಕವೊಂದನ್ನು ನಂಬಿ ಜನ ತಮ್ಮ ಬಾಳನ್ನು ಏರ್ಪಡಿಸಿಕೊಳ್ಳುತ್ತಾರೆಂಬುದನ್ನು ಮಾರುವವರು ಮರೆಯಬಾರದು.

ಹಾಗಾದರೆ ಮಾಡಬೇಕಾದುದೇನು? ಮುಂಗಡ ಹಣವನ್ನು ಪಡೆಯುವವರು ನಾಲ್ಕು ನಿಯಮಗಳನ್ನು ಪಾಲಿಸಲಿ. ಯಂತ್ರವು ನಕ್ಷೆಯ ಹಂತದಲ್ಲಿದೆಯೋ, ಮಾದರಿಯ ಹಂತದಲ್ಲಿದೆಯೋ, ಸುರಕ್ಷತೆಯ ಪರೀಕ್ಷೆ ಮುಗಿದಿದೆಯೋ ಎಂಬುದನ್ನು ಹಣ ಕೇಳುವ ಕಡೆಯೇ ಬರೆಯಲಿ. ಒಂದೇ ದಿನಾಂಕಕ್ಕೆ ಬದಲಾಗಿ, ಅದಕ್ಕಿಂತ ಮೊದಲಲ್ಲ ಇದಕ್ಕಿಂತ ಅನಂತರವಲ್ಲ ಎಂಬ ಅವಧಿಯನ್ನು ಹೇಳಲಿ. ವಾಯಿದೆ ತಪ್ಪುವುದು ಖಚಿತವಾದೊಡನೆ, ಅದು ಕಳೆದ ಮೇಲಲ್ಲ, ಕಾರಣವನ್ನು ಸರಳವಾದ ಮಾತಿನಲ್ಲಿ ತಿಳಿಸಲಿ. ಯಂತ್ರವು ಹೊರಡುವವರೆಗೂ ಕೇಳಿದವರಿಗೆ ಹಣವನ್ನು ಹಿಂದಿರುಗಿಸಲಿ. ಕೊನೆಯ ನಿಯಮವನ್ನು ಸಿಯಾಟಲಿನ ಸಂಸ್ಥೆಯು ಪಾಲಿಸಿದ್ದರಿಂದಲೇ ಅಷ್ಟು ದೀರ್ಘವಾದ ವಿಳಂಬವನ್ನು ಅದು ದಾಟಿ ಬದುಕಿತೆಂದು ನನಗೆ ತೋರುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಪ್ರತಿಯೊಬ್ಬನ ಮನೆಯಲ್ಲಿಯೂ ಇಂಥ ಯಂತ್ರವಿರಲೇಬೇಕೆ? ಅಮೆರಿಕದ ಎಂ.ಐ.ಟಿ.ಯಲ್ಲಿ ನೀಲ್ ಗರ್ಶೆನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು ಆರಂಭಿಸಿದ ಫ್ಯಾಬ್ ಲ್ಯಾಬ್ ಎಂಬ ಸಮುದಾಯ ಕಾರ್ಯಾಗಾರಗಳಲ್ಲಿ ಲೇಸರ್ ಕತ್ತರಿ ಯಂತ್ರವು ಮುಖ್ಯವಾದ ಸಾಧನ. ಅಮೆರಿಕದ ಹೊರಗೆ ಹುಟ್ಟಿದ ಇಂಥ ಮೊದಲ ಕಾರ್ಯಾಗಾರಗಳಲ್ಲಿ ಒಂದು, ಪುಣೆಯ ಬಳಿಯ ಪಾಬಳ್ ಎಂಬ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಲ್ಲಿ ಸ್ಥಾಪಿತವಾಯಿತು. ಹಳ್ಳಿಯ ಹುಡುಗರು ಒಂದೇ ಯಂತ್ರವನ್ನು ಹಂಚಿಕೊಂಡು ಕಲಿಯಬಲ್ಲರಾದರೆ, ನಮ್ಮ ಕಾಲೇಜುಗಳೂ ಶಾಲೆಗಳೂ ಕೂಡಿ ಒಂದೊಂದು ತಾಲ್ಲೂಕಿಗೆ ಒಂದು ಯಂತ್ರವನ್ನು ಇಟ್ಟುಕೊಳ್ಳಲಾರವೆ? ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆಯ ದಾರಿ ಕಾಯುವುದಕ್ಕಿಂತ, ಇರುವ ಒಂದು ಯಂತ್ರದ ಮುಂದೆ ನಾಲ್ವರು ಸೇರುವುದು ಕಲಿಕೆಗೆ ಲೇಸು.

ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಒಂದು ಪ್ರಯೋಗವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇನೆ. ಒಂದು ಪುಸ್ತಕದಲ್ಲಿ ಎರಡು ಸಾಲುಗಳನ್ನು ಎಳೆಯಿರಿ. ಯಾವುದೇ ಕೆಲಸವನ್ನು ತೊಡಗುವ ಮುನ್ನ, ಅದು ಒಂದು ಪಾಠದ ಓದಾಗಲಿ, ರೇಡಿಯೋ ರಿಪೇರಿಯಾಗಲಿ, ಎಷ್ಟು ಹೊತ್ತಾದೀತೆಂಬ ಅಂದಾಜನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಮುಗಿದ ಮೇಲೆ ನಿಜವಾಗಿ ಆದ ಹೊತ್ತನ್ನು ಎರಡನೆಯದರಲ್ಲಿ ಬರೆಯಿರಿ. ಇಪ್ಪತ್ತು ಮೂವತ್ತು ಕೆಲಸಗಳಾದ ಮೇಲೆ ಎರಡನೆಯ ಸಾಲಿನ ಮೊತ್ತವನ್ನು ಮೊದಲನೆಯದರ ಮೊತ್ತದಿಂದ ಭಾಗಿಸಿ. ಬರುವ ಸಂಖ್ಯೆ ಒಂದೂವರೆಯಾದರೆ, ಮುಂದೆ ನೀವು ಯಾರಿಗಾದರೂ ಹತ್ತು ದಿನವೆಂದು ಮಾತು ಕೊಡುವ ಮುನ್ನ ಹದಿನೈದೆಂದು ಹೇಳುವುದನ್ನು ಕಲಿತಿರುತ್ತೀರಿ. ನಾಳೆ ನಿಮ್ಮಲ್ಲಿ ಕೆಲವರು ಯಂತ್ರಗಳನ್ನು ಕಟ್ಟುವಿರಿ. ಅಪರಿಚಿತರು ನಿಮ್ಮ ಮಾತನ್ನು ನಂಬಿ ಹಣ ಕೊಡುವರು. ಆ ದಿನ ಬಂದಾಗ ಈ ಸಣ್ಣ ಸಂಖ್ಯೆ ನಿಮ್ಮ ಜೇಬಿನಲ್ಲಿರಲಿ.